ಆವರೇಜ್ ಬಿದ್ದ ಕಾರು, ರಿಕವರಿ ಬಿದ್ದ ಕಬ್ಬು

"ಗಾಡಿ ಎಳೀವಲ್ದುರಿ." "ಆವರೇಜ್ ಬಿದ್ದೈತಿ." "ಮಿಸಿಂಗ್ ಹೊಡೀತೈತಿ." "ಚೆಕ್ ಲೈಟ್ ಹೋಗವಲ್ದು." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಕಾರಿನ ಇಂಜಿನ್ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಈ ನಾಲ್ಕು ಮಾತಿನೊಳಗೇ ಇರುತ್ತದೆ. ಹೇಳುವವರು ಕಾರಿನ ಶೋಕಿಯವರಲ್ಲ. ಮನೆಗೊಂದು ಇರಲಿ ಎಂದು ಡಿಕ್ಕಿ ಇರುವ ಗಾಡಿ ಕೊಂಡವರು. ಡಿಸೈರ್, ಅಮೇಜ್, ಇಟಿಯೋಸ್, ಹಳೆಯ ಇಂಡಿಗೊ. ಸ್ವಲ್ಪ ಅನುಕೂಲಸ್ಥರಾದರೆ ಸಿಟಿ, ವರ್ನಾ, ಸಿಯಾಜ್. ಮಿರಜಿನ ದವಾಖಾನೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಬೆಳಗಾವಿಯ ಕೋರ್ಟಿಗೆ, ಮಗಳ ಕುಬಸಕ್ಕೆ ಐದು ಮಂದಿಯ ಜಾಗದಲ್ಲಿ ಏಳು ಮಂದಿ ಕೂತು ಹೋಗುವ ಗಾಡಿ. ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಅದು ವಾರಗಟ್ಟಲೆ ತಗಡಿನ ಶೆಡ್ಡಿನಲ್ಲಿ ನಿಂತೇ ಇರುವುದೂ ಉಂಟು.

ಈ ದೂರಿಗೆ ಸಿಗುವ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಶೋರೂಮಿನವರು "ನಿಮ್ಮ ಕಡೆ ಪೆಟ್ರೋಲ್ ಸರಿ ಇಲ್ಲ ಸರ್" ಎನ್ನುತ್ತಾರೆ. ಪಂಪಿನವರು "ಕಂಪನಿಯಿಂದ ಬಂದಂಗ ಹಾಕ್ತೀವ್ರಿ, ಗಾಡಿ ತೋರಸ್ರಿ" ಎನ್ನುತ್ತಾರೆ. ಸರ್ಕಾರ 2025ರ ಆಗಸ್ಟಿನಲ್ಲಿ ಕೊಟ್ಟ ವಿವರಣೆಯಲ್ಲಿ ಮೈಲೇಜು ಕುಸಿಯಲು ಓಡಿಸುವ ರೀತಿ, ಟಯರಿನ ಗಾಳಿ, ಎಸಿ, ಸರ್ವಿಸಿನ ಅಶಿಸ್ತು ಎಲ್ಲವೂ ಕಾರಣ ಎಂದಿತು. ಮೂರೂ ಮಾತಿನಲ್ಲಿ ಅಷ್ಟಿಷ್ಟು ನಿಜವಿದೆ. ಆದರೆ ಮೂರನ್ನೂ ಕೂಡಿಸಿದರೆ ಬರುವ ಫಲ ಒಂದೇ: ತಪ್ಪು ತನ್ನದಲ್ಲ ಎಂದು ಸಾಬೀತು ಮಾಡುವ ಭಾರ, ಕೈಯಲ್ಲಿ ಯಾವ ಉಪಕರಣವೂ ಇಲ್ಲದ ಗಾಡಿಯ ಮಾಲೀಕನ ಮೇಲೆ ಬೀಳುತ್ತದೆ. ನನ್ನ ತಕರಾರು ಇಂಧನದ ಬಗ್ಗೆ ಎಷ್ಟೋ ಅದಕ್ಕಿಂತ ಹೆಚ್ಚು ಈ ಏರ್ಪಾಟಿನ ಬಗ್ಗೆ.

ಇಂದು ಪೆಟ್ರೋಲ್ ಕಾರಿನ ಯಾವ ದೂರೂ ಎಥೆನಾಲಿಗೆ ತಾಕದೆ ಮುಂದೆ ಹೋಗುವುದಿಲ್ಲ. ಹಾಗಾಗಿ ಮೊದಲು ಅದರ ಲೆಕ್ಕ.

2013-14ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇ 1.5ರ ಆಸುಪಾಸು. 2022ರ ಜೂನಿಗೆ ಅದು ಶೇ 10 ಆಯಿತು. ಶೇ 20ರ ಇ20 ಪೆಟ್ರೋಲನ್ನು ಪ್ರಧಾನಿ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು ಬಿಡುಗಡೆ ಮಾಡಿದರು. ಮೊದಲು 2030ಕ್ಕೆ ಎಂದಿದ್ದ ಗುರಿ 2025ರಲ್ಲೇ ಮುಟ್ಟಿತು. ಇ20ಗೆ ತಕ್ಕ ಬಿಡಿಭಾಗಗಳಿರುವ ಕಾರುಗಳು ಸಾಮಾನ್ಯವಾಗಿ ಮಾರುಕಟ್ಟೆಗೆ ಬಂದದ್ದು 2023ರ ಏಪ್ರಿಲಿನಿಂದ ಈಚೆಗೆ. ಅದಕ್ಕೂ ಹಿಂದಿನ ಅನೇಕ ಕಾರುಗಳ ಕೈಪಿಡಿಯಲ್ಲಿ ಶೇ 10ರವರೆಗೆ ಮಾತ್ರ ಎಂದು ಬರೆದಿದೆ. ಕೈಪಿಡಿ ಯಾರು ಓದುತ್ತಾರೆ ಎನ್ನಬೇಡಿ. ಶೋರೂಮಿನವರು ವಾರಂಟಿ ನಿರಾಕರಿಸುವ ದಿನ ಅದನ್ನು ತಪ್ಪದೆ ಓದುತ್ತಾರೆ.

ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾಗಿ ಇ20 ತುಂಬಿದ ಟ್ಯಾಂಕಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಇದು ಯಾರೂ ಬಚ್ಚಿಟ್ಟ ಗುಟ್ಟಲ್ಲ. 2021ರ ಜೂನಿನಲ್ಲಿ ನೀತಿ ಆಯೋಗವೇ ಹೊರತಂದ ಎಥೆನಾಲ್ ಮಾರ್ಗಸೂಚಿಯಲ್ಲಿ, ಶುದ್ಧ ಪೆಟ್ರೋಲಿಗೆಂದು ತಯಾರಾಗಿ ಇ10ಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ದಕ್ಷತೆ ಶೇ 6-7ರಷ್ಟು ಇಳಿಯುತ್ತದೆ, ಇ10ಗೆ ತಯಾರಾಗಿ ಇ20ಗೆ ಹೊಂದಿಸಿದವುಗಳಲ್ಲಿ ಶೇ 1-2ರಷ್ಟು ಎಂದಿದೆ. ಅದೇ ದಾಖಲೆಯಲ್ಲಿ ಇನ್ನೊಂದು ಮಾತೂ ಇತ್ತು. ಶಕ್ತಿ ಕಡಿಮೆ ಇರುವ ಇಂಧನವನ್ನು ಜನ ಒಪ್ಪಬೇಕಾದರೆ ಅದರ ಚಿಲ್ಲರೆ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂಬ ಮಾತು. 2025ರಲ್ಲಿ ಪೆಟ್ರೋಲಿಯಂ ಸಚಿವಾಲಯ ಅದಕ್ಕೆ ಕೊಟ್ಟ ಉತ್ತರ: ಆಗ ಎಥೆನಾಲ್ ಅಗ್ಗ ಇತ್ತು, ಈಗ ಸಾಗಣೆ, ತೆರಿಗೆ ಸೇರಿ ಸರಾಸರಿ ಲೀಟರಿಗೆ 71.32 ರೂಪಾಯಿ ಬೀಳುತ್ತದೆ, ಅದು ಪೆಟ್ರೋಲಿಗಿಂತ ದುಬಾರಿ. ಇರಬಹುದು. ಕೊಡುವ ಸರಕಿನ ಶಕ್ತಿ ಇಳಿದಾಗ ದರ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಅದು ಸರ್ಕಾರಕ್ಕೆ ಸಮಾಧಾನ ಕೊಡುವ ಉತ್ತರವೇ ಹೊರತು ಕೊಳ್ಳುವವನಿಗಲ್ಲ.

ಸಚಿವಾಲಯ ತಾನೇ ಒಪ್ಪಿದ ಗರಿಷ್ಠ ಅಂಕಿ, ಅಂದರೆ ಹಳೆಯ ಕಾರುಗಳಿಗೆ ಶೇ 6, ಹಿಡಿದು ಒಂದು ಮನೆಯ ಲೆಕ್ಕ ಹಾಕೋಣ. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಸೆಡಾನ್ ವರ್ಷಕ್ಕೆ 12,000 ಕಿ.ಮೀ. ಓಡಿದರೆ 800 ಲೀಟರ್ ಬೇಕಿತ್ತು. ಆವರೇಜ್ 14.1ಕ್ಕೆ ಇಳಿದರೆ 851 ಲೀಟರ್ ಬೇಕು. ಹೆಚ್ಚುವರಿ 51 ಲೀಟರ್. ಲೀಟರಿಗೆ 103 ರೂಪಾಯಿಯಂತೆ ವರ್ಷಕ್ಕೆ 5,253 ರೂಪಾಯಿ. ಮನೆ ಮುಳುಗುವ ಮೊತ್ತವೇನಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲ್ಲೂಕಿನಲ್ಲಿ ಅದನ್ನು ಅಳೆಯಲು ಬೇರೆಯೇ ಕೋಲು ಇದೆ.

2025ರ ಅಕ್ಟೋಬರ್ 30ರಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ನಿದ್ದೆ. ಹೋರಾಟ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲಿನವರೆಗೆ, ರಾಷ್ಟ್ರೀಯ ಹೆದ್ದಾರಿಯವರೆಗೆ ಮುಟ್ಟಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿ, ಶೇ 11.25 ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಇರುವ ಕಬ್ಬಿಗೆ 3,300 ರೂಪಾಯಿ ಎಂದು ಘೋಷಿಸಿದರು. ಅದರಲ್ಲಿ ಕಾರ್ಖಾನೆಯದು 3,250, ಸರ್ಕಾರದ್ದು 50. ಆ 50 ರೂಪಾಯಿಯ ಕೋಲು ಹಿಡಿದು ಅಳೆದರೆ, ಹಳೆಯ ಡಿಸೈರ್ ಒಂದು ವರ್ಷಕ್ಕೆ ಹೆಚ್ಚಿಗೆ ಕುಡಿಯುವ ಪೆಟ್ರೋಲಿನ ದುಡ್ಡು, 105 ಟನ್ ಕಬ್ಬಿನ ಮೇಲೆ ಸರ್ಕಾರ ಕೊಟ್ಟ ನೆರವಿಗೆ ಸಮ. ಎಕರೆಗೆ 40 ಟನ್ ಬಂದರೂ ಎರಡೂವರೆ ಎಕರೆಗಿಂತ ಹೆಚ್ಚಿನ ಬೆಳೆ ಅದು. ಬಿಸಿಲಲ್ಲಿ ಕೂತು ಗಳಿಸಿದ್ದು ಟ್ಯಾಂಕಿನಲ್ಲಿ ಹೋಯಿತು.

ಇದನ್ನು ಹೇಳಿದ ಕೂಡಲೇ "ನೀವು ಕಬ್ಬು ಬೆಳೆಗಾರರ ವಿರೋಧಿ" ಎಂಬ ಮಾತು ಬರುತ್ತದೆ. ಇ20 ಜೊತೆಗೆ ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ, ಪಂಪಿನ ಮೇಲೆ ಎಥೆನಾಲಿನ ಪ್ರಮಾಣ ಬರೆಯಲಿ ಎಂದು ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲೂ ಸರ್ಕಾರದ ವಾದದಲ್ಲಿ ಕಬ್ಬು ಬೆಳೆಗಾರರ ಹಿತವೇ ಮುಂದಿತ್ತು. ದಿಲ್ಲಿಯಲ್ಲಿ ಕೂತವರಿಗೆ ಕಾರಿನವರು ಬೇರೆ, ಕಬ್ಬಿನವರು ಬೇರೆ ಎಂದು ತೋರುತ್ತದೆ. ಘಟಪ್ರಭೆಯ ದಂಡೆಯಲ್ಲಿ ಹಾಗಿಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಗೋ, ಹುಣಶ್ಯಾಳದ ಕಾರ್ಖಾನೆಗೋ ಕಬ್ಬು ಕಳಿಸುವ ಮನೆಯ ಅಂಗಳದಲ್ಲೇ ಆ ಡಿಕ್ಕಿ ಗಾಡಿ ನಿಂತಿದೆ. ಕೆಎ 49 ಎಂಬ ಗೋಕಾಕದ ನಂಬರ್ ಪ್ಲೇಟು ಹೊತ್ತ ಅನೇಕ ಕಾರುಗಳ ಕಂತು ಕಟ್ಟುವುದೇ ಕಬ್ಬಿನ ಬಿಲ್ಲಿನಿಂದ. ಒಬ್ಬನೇ ಮನುಷ್ಯ ಒಂದು ತುದಿಯಲ್ಲಿ ಎಥೆನಾಲಿನ ಮೂಲ, ಇನ್ನೊಂದು ತುದಿಯಲ್ಲಿ ಅದರ ಗಿರಾಕಿ.

ಅವನಿಗೆ ನಿಜವಾಗಿ ಎಷ್ಟು ಲಾಭ ಮುಟ್ಟಿದೆ? ಎಥೆನಾಲ್ ಬಂದಮೇಲೆ ಕಾರ್ಖಾನೆಗಳ ಬಾಕಿ ಬೇಗ ತೀರುತ್ತಿದೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಬ್ಬಿನ ರಸದಿಂದ ಮಾಡಿದ ಎಥೆನಾಲಿಗೆ ಸರ್ಕಾರ ಕೊಡುವ 65.61 ರೂಪಾಯಿ 2022-23ರಿಂದ ಅಲ್ಲೇ ನಿಂತಿದೆ. ಅದೇ ಅವಧಿಯಲ್ಲಿ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕೇಂದ್ರ ನಿಗದಿ ಮಾಡುವ ಕನಿಷ್ಠ ದರ, 2025-26ಕ್ಕೆ ಕ್ವಿಂಟಲಿಗೆ 305ರಿಂದ 355 ರೂಪಾಯಿಗೆ ಏರಿತು. ಮೇಲಾಗಿ ಈಗ ದೇಶದ ಎಥೆನಾಲಿನಲ್ಲಿ ದೊಡ್ಡ ಪಾಲು ಬರುತ್ತಿರುವುದು ಮೆಕ್ಕೆಜೋಳ ಮೊದಲಾದ ಕಾಳಿನಿಂದ. ಕಬ್ಬು ಹಿಂದೆ ಸರಿದಿದೆ. ಎಥೆನಾಲ್ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಕಡಿಮೆ ಎಂಬುದು ರಾಜ್ಯ ಸರ್ಕಾರದ್ದೇ ದೂರು. ಅಂದಮೇಲೆ ಗುರ್ಲಾಪುರದಲ್ಲಿ ಕೂತವನ ಹೆಸರು ಹೇಳಿ ಅವನದೇ ಗಾಡಿಯ ದೂರಿನ ಬಾಯಿ ಮುಚ್ಚಿಸುವುದು ಸರಿಯಲ್ಲ.

ಬ್ರೆಜಿಲನ್ನು ಮಾತುಮಾತಿಗೆ ತೋರಿಸುತ್ತಾರೆ. ಅಲ್ಲಿ 2025ರ ಆಗಸ್ಟಿನಿಂದ ಪೆಟ್ರೋಲಿನಲ್ಲಿ ಶೇ 30 ಎಥೆನಾಲ್. ನಿಜ. ಜೊತೆಗೇ ಹೇಳಬೇಕಾದದ್ದು, ಅಲ್ಲಿ 2003ರಿಂದಲೇ ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಕಾರುಗಳು ಬಂದಿವೆ, ಪಂಪಿನಲ್ಲಿ ಮಿಶ್ರಣದ ಪೆಟ್ರೋಲೂ ಬರೀ ಎಥೆನಾಲೂ ಪಕ್ಕಪಕ್ಕದಲ್ಲಿ ಬೇರೆಬೇರೆ ದರಕ್ಕೆ ಸಿಗುತ್ತವೆ. ಎಥೆನಾಲಿನ ದರ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಕೊಳ್ಳು, ಇಲ್ಲದಿದ್ದರೆ ಬಿಡು ಎಂಬುದು ಅಲ್ಲಿನ ಟ್ಯಾಕ್ಸಿಯವನಿಗೂ ಬಾಯಿಪಾಠ. ಅಮೆರಿಕದಲ್ಲಿ ಶೇ 15ರ ಮಿಶ್ರಣ ಮಾರುವ ಪಂಪಿನ ಮೇಲೆ, 2001ಕ್ಕಿಂತ ಹಳೆಯ ಕಾರಿಗೆ ಹಾಕಬೇಡಿ ಎಂಬ ಚೀಟಿ ಕಡ್ಡಾಯ. ನಾವು ಬ್ರೆಜಿಲಿನ ಎಥೆನಾಲ್ ತಂದೆವು, ಅಲ್ಲಿನ ಆಯ್ಕೆಯನ್ನು ಅಲ್ಲೇ ಬಿಟ್ಟೆವು.

ಇಷ್ಟು ಹೇಳಿ ಈಗ ಎದುರಿನ ದಂಡೆಗೆ ಹೋಗಬೇಕು. ಇಂಜಿನ್ನಿನ ದೂರೆಲ್ಲ ಎಥೆನಾಲಿನದೇ ಎಂಬ ಮಾತು ಈಗ ಊರಲ್ಲಿ ಹರಡಿರುವ ರೀತಿ ನೋಡಿದರೆ, ತಪ್ಪಿತಸ್ಥರಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಡೀಸೆಲ್ ಗಾಡಿಯವರೂ "ಎಥೆನಾಲ್ ಬಂದ ಮ್ಯಾಲೆ ಇಂಜಿನ್ ಹೋತು" ಎನ್ನುವುದನ್ನು ಕೇಳಿದ್ದೇನೆ!

ಲೆಕ್ಕವನ್ನೇ ನೋಡಿ. 2022ರಲ್ಲೇ ನಾವು ಶೇ 10ರ ಮಿಶ್ರಣ ತುಂಬುತ್ತಿದ್ದೆವು. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಲೀಟರಿನಲ್ಲಿ ಕಳೆದ ಶಕ್ತಿ ಶೇ 3.5ರಷ್ಟು. "ಹದಿನೆಂಟು ಕೊಡ್ತಿತ್ತು, ಈಗ ಹದಿಮೂರು" ಎನ್ನುವವರ ಕಾರಿನಲ್ಲಿ ಕಳೆದಿರುವುದು ಶೇ 28. ಉಳಿದದ್ದು ಎಲ್ಲಿ ಹೋಯಿತು? ಕಬ್ಬು ಸಾಗಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿದ ಏರ್ ಫಿಲ್ಟರಿನಲ್ಲಿ ಹೋಗಿರಬಹುದು. ಬಿಗಿಹಿಡಿದ ಬ್ರೇಕಿನಲ್ಲಿ, ಸತ್ತ ಆಕ್ಸಿಜನ್ ಸೆನ್ಸರಿನಲ್ಲಿ, ಕೊಳೆ ಕಟ್ಟಿದ ಇಂಜೆಕ್ಟರಿನಲ್ಲಿ ಹೋಗಿರಬಹುದು. ಹೊಲದ ಮನೆಯಲ್ಲಿ ನಿಂತ ಗಾಡಿಯ ವೈರು ಇಲಿ ಕಡಿದು ಒಂದು ಸಿಲಿಂಡರ್ ಕೆಲಸ ಬಿಟ್ಟಿರಬಹುದು. ಇಲಿಗೆ ಕೇಂದ್ರದ ಇಂಧನ ನೀತಿ ಗೊತ್ತಿಲ್ಲ.

ಇಲ್ಲಿನ ಇನ್ನೊಂದು ರೋಗ ಬೋರಿನ ನೀರು. ರೇಡಿಯೇಟರಿಗೆ ಕೂಲಂಟ್ ಹಾಕಬೇಕಾದಲ್ಲಿ ಬೋರಿನ ಗಡಸು ನೀರು ಸುರಿಯುವುದು ನಮ್ಮಲ್ಲಿ ಟ್ರ್ಯಾಕ್ಟರಿನ ಕಾಲದಿಂದ ಬಂದ ರೂಢಿ. ಹಳೆಯ ಟ್ರ್ಯಾಕ್ಟರಿನ ದಪ್ಪ ಕಬ್ಬಿಣದ ಇಂಜಿನ್ ಅದನ್ನು ತಡೆದೀತು. ಅಲ್ಯುಮಿನಿಯಮ್ ತಲೆಯ, ಕೂದಲೆಳೆಯಂಥ ನಾಳಗಳ ರೇಡಿಯೇಟರಿನ ಸೆಡಾನ್ ತಡೆಯುವುದಿಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಒಳಗೆ ಕಟ್ಟುತ್ತದೆ, ನೀರಿನ ಹರಿವು ನಿಲ್ಲುತ್ತದೆ, ಒಂದು ಮಧ್ಯಾಹ್ನ ಯರಗಟ್ಟಿ ದಾಟುವಷ್ಟರಲ್ಲಿ ಹೀಟ್ ಮುಳ್ಳು ಮೇಲೇರುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಬಿಲ್ಲು ಐದಂಕಿ ಮುಟ್ಟಿದಾಗ ಬೈಗುಳ ಪೆಟ್ರೋಲಿಗೆ.

ನೆರೆಯದೂ ಒಂದು ಕಥೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಮುಳುಗಿದ ಗಾಡಿಗಳಿಗೆ ಲೆಕ್ಕವಿರಲಿಲ್ಲ. ನೀರು ಒಳಹೊಕ್ಕ ಇಂಜಿನ್ನಿಗೆ ಸೆಲ್ಫ್ ಹೊಡೆದರೆ ಸಿಲಿಂಡರಿನಲ್ಲಿ ನಿಂತ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸಾಮಾನ್ಯ ವಿಮೆಯಲ್ಲಿ ಇಂಥ ಇಂಜಿನ್ ಹಾನಿಗೆ ಪರಿಹಾರವಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿದವರಿಗಷ್ಟೇ ಉಂಟು. ಮುಳುಗಿದ ಗಾಡಿ ತೊಳೆಸಿಕೊಂಡು, ಸೀಟ್ ಕವರ್ ಬದಲಿಸಿಕೊಂಡು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದರೆ ಅದರ ಹಿಂದಿನ ಜನ್ಮ ಯಾರಿಗೂ ತಿಳಿಯದು.

ತಯಾರಕರೂ ಇದರಿಂದ ಹೊರತಲ್ಲ. ಹೋಂಡಾ ಕಂಪನಿ 2020ರ ಜೂನಿನಲ್ಲಿ 65,651, 2021ರ ಏಪ್ರಿಲಿನಲ್ಲಿ 77,954 ಕಾರುಗಳನ್ನು ಇಂಧನ ಪಂಪು ಬದಲಿಸಲು ಹಿಂದಕ್ಕೆ ಕರೆಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ತೊಂಬತ್ತು ಸಾವಿರಕ್ಕೂ ಹೆಚ್ಚು. ಅಮೇಜ್, ಸಿಟಿಗಳೂ ಅದರಲ್ಲಿದ್ದವು. ಪಂಪಿನೊಳಗಿನ ಇಂಪೆಲರ್ ಎಂಬ ಸಣ್ಣ ತಿರುಗುಬಿಲ್ಲೆಯಲ್ಲಿ ದೋಷ. ಕಾಲಾಂತರದಲ್ಲಿ ಇಂಜಿನ್ ನಡುದಾರಿಯಲ್ಲಿ ನಿಲ್ಲಬಹುದು, ಚಾಲೂ ಆಗದಿರಬಹುದು ಎಂದು ಕಂಪನಿಯೇ ಹೇಳಿತು. ಮಾರುತಿ 2021ರಲ್ಲಿ ಸಿಯಾಜ್ ಸೇರಿ 1,81,754 ಪೆಟ್ರೋಲ್ ಕಾರುಗಳನ್ನು ಮೋಟಾರ್ ಜನರೇಟರ್ ತಪಾಸಣೆಗೆ ಕರೆಯಿತು. ಮೊದಲೆರಡು ಪಂಪಿನ ಕರೆಗಳ ಕಾಲಕ್ಕೆ ದೇಶದಲ್ಲಿ ಇ20 ಇರಲೇ ಇಲ್ಲ ಎಂಬುದನ್ನು ಗಮನಿಸಿ. ಅದೇ ದೋಷ ಇಂದು ಕಾಣಿಸಿಕೊಂಡರೆ "ಪೆಟ್ರೋಲ್ ಸರಿ ಇಲ್ಲ ಸರ್" ಎಂದು ಮುಗಿಸುವುದು ಎಷ್ಟು ಸುಲಭ ಎಂದು ಯೋಚಿಸಿ. ಎಥೆನಾಲಿನ ಮೇಲೆ ಎಲ್ಲ ಹೊರಿಸುವ ಗಾಡಿಯ ಮಾಲೀಕ, ತಿಳಿಯದೆ ಈ ಮಾತಿಗೆ ಸಹಿ ಹಾಕುತ್ತಿದ್ದಾನೆ.

ಹಾಗಾದರೆ ಯಾವುದು ಯಾವುದರ ತಪ್ಪು ಎಂದು ಬೇರ್ಪಡಿಸುವುದು ಹೇಗೆ? ಇದಕ್ಕೆ ಕಾರಿನೊಳಗೇ ಒಂದು ಸಾಕ್ಷಿ ಇದೆ, ಮತ್ತು ಆ ಸಾಕ್ಷಿಯನ್ನು ನಾವೇ ದಿನಾ ಕೊಲ್ಲುತ್ತಿದ್ದೇವೆ.

ಎಥೆನಾಲಿನಲ್ಲಿ ಆಮ್ಲಜನಕ ಇದೆ. ಹಾಗಾಗಿ ಅದೇ ಗಾಳಿಗೆ ಇಂಧನ ಸ್ವಲ್ಪ ಹೆಚ್ಚು ಬೇಕು. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಇದನ್ನು ಗ್ರಹಿಸಿ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ಹೇಳುತ್ತದೆ, ಇಸಿಎಂ ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಎಷ್ಟು ಹೆಚ್ಚಿಗೆ ಕೊಡುತ್ತಿದ್ದೇನೆ ಎಂಬುದನ್ನು ಅದು ಶೇಕಡಾ ಲೆಕ್ಕದಲ್ಲಿ ನೆನಪಿಡುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಫ್ಯುಯಲ್ ಟ್ರಿಮ್ ಎನ್ನುತ್ತಾರೆ. ಹಳೆಯ ಕಾರಿನಲ್ಲಿ ಈ ತಿದ್ದುಪಡಿಯ ಮಿತಿ ಮುಗಿದರೆ ಪಿ0171 ಎಂಬ ಕೋಡ್ ಹುಟ್ಟುತ್ತದೆ, ಅಂದರೆ ಮಿಶ್ರಣದಲ್ಲಿ ಇಂಧನ ಸಾಲುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಲೈಟ್ ಹತ್ತುತ್ತದೆ. ಅದೇ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಭಾರ ಎಳೆಯುತ್ತಿತ್ತು, ಟ್ರಿಮ್ ಎಷ್ಟಿತ್ತು ಎಲ್ಲವನ್ನೂ ಇಸಿಎಂ ಒಂದು ಫೋಟೊ ತೆಗೆದಂತೆ ಹಿಡಿದಿಡುತ್ತದೆ. ಗಾಳಿ ಸೋರುವ ಪೈಪೋ, ಸೋತ ಪಂಪೋ, ಮಿಶ್ರಣದ ಪೆಟ್ರೋಲೋ ಎಂದು ತಿಳಿದವರು ಆ ಅಂಕಿಗಳಿಂದ ಊಹಿಸಬಲ್ಲರು.

ಗಾಡಿ ಗ್ಯಾರೇಜಿಗೆ ಬರುತ್ತದೆ. ಮಾಲೀಕ ಇಳಿಯುತ್ತಲೇ "ಅಣ್ಣಾ, ಮದಲ ಆ ಲೈಟ್ ಒಂದು ತಗದ ಕೊಡು" ಎನ್ನುತ್ತಾನೆ. "ಎರಡ ಮಿನಿಟ್ ಸಾವಕಾರ್ರ" ಎಂದು ಮೆಕ್ಯಾನಿಕ್ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುತ್ತಾನೆ, ಕೋಡ್ ಓದುತ್ತಾನೆ, ಅಳಿಸುತ್ತಾನೆ. ಲೈಟ್ ಹೋಯಿತು, ಇಬ್ಬರಿಗೂ ಸಮಾಧಾನ. ಕೋಡಿನ ಜೊತೆ ಆ ಗಳಿಗೆಯ ದಾಖಲೆಯೂ ಹೋಯಿತು. ನಾಲ್ಕು ದಿನಕ್ಕೆ ಮತ್ತೆ ಲೈಟ್ ಬರುತ್ತದೆ, ಮತ್ತೆ ಅಳಿಸುತ್ತಾರೆ. ಕೊನೆಗೆ ಗಾಡಿ ಬಂದ್ ಬಿದ್ದು ಟೋ ಮಾಡಿಕೊಂಡು ಬೆಳಗಾವಿಯ ಶೋರೂಮಿಗೆ ಹೋದಾಗ "ಹಿಂದೆ ಏನಾದರೂ ತೊಂದರೆ ಇತ್ತಾ?" ಎಂಬ ಪ್ರಶ್ನೆಗೆ ಬಾಯಿಮಾತಿನ ಹೊರತು ಏನೂ ಉಳಿದಿರುವುದಿಲ್ಲ. ಅಲ್ಲಿ ಸ್ಕ್ಯಾನರ್ ಅವರದು, ಓದುವವನು ಅವರವನು, ಜಾಬ್ ಕಾರ್ಡಿನಲ್ಲಿ ಬರೆಯುವುದೂ ಅವರೇ. "ಪಿಕಪ್ ಇಲ್ಲ, ಏರಿನಲ್ಲಿ ಎರಡು ಸಲ ಬಂದ್ ಬಿತ್ತು" ಎಂದು ನೀವು ಹೇಳಿದ್ದು ಕಾರ್ಡಿನಲ್ಲಿ "ಜನರಲ್ ಚೆಕಪ್" ಆಗಿ ಇಳಿಯುತ್ತದೆ.

ಇದೆಲ್ಲ ಕಬ್ಬು ಬೆಳೆಯುವವನಿಗೆ ಹೊಸದಲ್ಲ. ಅಳತೆ ಎದುರಿನವನ ಕೈಯಲ್ಲಿ ಇದ್ದರೆ ಏನಾಗುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಾರ್ಖಾನೆಯ ಕಾಟಾದಲ್ಲಿ ತೂಕ ಕಡಿಮೆ ಬರುತ್ತದೆ ಎಂದು ಗುಮಾನಿ ಬಂದರೆ ಹೊರಗಿನ ಕಾಟಾದಲ್ಲಿ ಮೊದಲು ತೂಗಿಸಿ ಚೀಟಿ ಇಟ್ಟುಕೊಳ್ಳುತ್ತಾನೆ. ರಿಕವರಿಯ ಮಾತು ಇನ್ನೂ ಸೂಕ್ಷ್ಮ. 2025-26ರ ಎಫ್‌ಆರ್‌ಪಿ ಪ್ರಕಾರ ಶೇ 10.25ರ ಮೇಲೆ ರಿಕವರಿ 0.1 ಏರಿದರೆ ಕ್ವಿಂಟಲಿಗೆ 3.46, ಅಂದರೆ ಟನ್ನಿಗೆ 34.60 ರೂಪಾಯಿ ಹೆಚ್ಚು. ಆ 0.1ನ್ನು ಅಳೆಯುವುದು ದುಡ್ಡು ಕೊಡಬೇಕಾದ ಕಾರ್ಖಾನೆಯ ಪ್ರಯೋಗಾಲಯ. ಇದರ ವಿರುದ್ಧ ವರ್ಷಗಟ್ಟಲೆ ಕೂಗಿದ ಅದೇ ರೈತ, ಕಾರಿನ ವಿಷಯಕ್ಕೆ ಬಂದಾಗ ಶೋರೂಮಿನ ಅಳತೆಯನ್ನು ತಲೆಬಾಗಿ ಒಪ್ಪಿ ಬಿಲ್ ಕಟ್ಟಿ ಬರುವುದೇಕೆ? ತೂಕದ ಚೀಟಿ ಇಟ್ಟುಕೊಳ್ಳುವ ಕೈ ಸ್ಕ್ಯಾನ್ ವರದಿಯನ್ನು ಯಾಕೆ ಕೇಳುವುದಿಲ್ಲ?

ಕಾನೂನೂ ಚೀಟಿಯನ್ನೇ ಕೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಕಲಂ ಸೇರಿತು. ಪರಿಸರಕ್ಕೋ, ಗಾಡಿಯಲ್ಲಿದ್ದವರಿಗೋ, ದಾರಿಹೋಕರಿಗೋ ಅಪಾಯ ತರುವ ದೋಷವಿದ್ದರೆ ಕೇಂದ್ರ ಸರ್ಕಾರವೇ ಕಾರುಗಳನ್ನು ಹಿಂದಕ್ಕೆ ಕರೆಸಬಹುದು. 2021ರ ಏಪ್ರಿಲಿನಿಂದ ಜಾರಿಯಾದ ನಿಯಮದಂತೆ ಇದು ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯ. ಆದರೆ ಅದಕ್ಕೆ ನಿಗದಿತ ಸಂಖ್ಯೆಯ ಮಾಲೀಕರು ಸಾರಿಗೆ ಇಲಾಖೆಯ ವ್ಯವಸ್ಥೆಯಲ್ಲಿ ದೂರು ದಾಖಲಿಸಿರಬೇಕು. ಚಹಾದಂಗಡಿಯಲ್ಲಿ ಹೇಳಿದ ನೂರು ದೂರು ಅಲ್ಲಿ ಸೊನ್ನೆ. ಗ್ರಾಹಕ ರಕ್ಷಣಾ ಕಾಯ್ದೆ, 2019ರ ಪ್ರಕಾರ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ 50 ಲಕ್ಷದವರೆಗಿನ ವ್ಯವಹಾರದ ದೂರು ಕೇಳಬಲ್ಲದು. 5 ಲಕ್ಷದವರೆಗೆ ಶುಲ್ಕವಿಲ್ಲ. ದೋಷ ಪರೀಕ್ಷೆಯಿಂದಲೇ ತಿಳಿಯಬೇಕಾದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಲು 38ನೇ ಕಲಂ ಅವಕಾಶ ಕೊಡುತ್ತದೆ. ಇಂಜಿನ್ ಕೆಟ್ಟರೆ ಇಡೀ ಕಾರು ಬದಲಿಸಿ ಕೊಡುತ್ತಾರೆ ಎಂಬ ಆಸೆ ಮಾತ್ರ ಬೇಡ. ಮಾರುತಿ ಉದ್ಯೋಗ ಮತ್ತು ಸುಶೀಲ್ ಕುಮಾರ್ ಗಬ್‌ಗೋತ್ರಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಹೊಣೆ ದೋಷವಿರುವ ಭಾಗ ಬದಲಿಸುವಷ್ಟು, ಇಡೀ ಕಾರನ್ನಲ್ಲ ಎಂದಿದೆ.

ಇ20ಯಿಂದ ತೊಂದರೆಯಾದರೂ ವಾರಂಟಿ ಗೌರವಿಸುತ್ತೇವೆ ಎಂದು ಕಾರು ತಯಾರಕರ ಒಕ್ಕೂಟ 2025ರ ಆಗಸ್ಟ್ ಕೊನೆಯಲ್ಲಿ ಹೇಳಿತು. ಕೇಳಲು ಇಂಪಾಗಿದೆ. ಆದರೆ ಇ20ಗೆ ತಯಾರಾಗದ, 2023ಕ್ಕೂ ಹಿಂದಿನ ಎಷ್ಟೋ ಕಾರುಗಳ ವಾರಂಟಿ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಹಳೆಯ ಕೆಲವು ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು 20-30 ಸಾವಿರ ಕಿ.ಮೀ. ಓಡಿದ ಮೇಲೆ ಬದಲಿಸಬೇಕಾಗಬಹುದು, ಖರ್ಚು ಕಡಿಮೆ ಎಂದು ಸಚಿವಾಲಯವೇ ಒಪ್ಪಿದೆ. ಖರ್ಚು ಕಡಿಮೆ ಆದರೆ ಅದನ್ನು ಕೊಡುವವರು ಯಾರು ಎಂದು ಹೇಳುವುದೂ ಕಷ್ಟವಾಗಬಾರದಿತ್ತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ನಾಝಲ್ಲಿನ ಮೇಲೆ ಎಥೆನಾಲಿನ ಪ್ರಮಾಣ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ತಾಲ್ಲೂಕಿಗೆ ಒಂದೆರಡು ಪಂಪಿನಲ್ಲಾದರೂ ಹಳೆಯ ಗಾಡಿಗಳಿಗೆ ಇ10 ಸಿಗಲಿ. ಇಲ್ಲವಾದರೆ ನೀತಿ ಆಯೋಗದ ಮಾತು ನಡೆಸಿ ದರ ಇಳಿಸಲಿ. ಅಳತೆಗೆ ಬೆಂಗಳೂರು, ಪುಣೆಗೆ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ಕಾಲೇಜು ಇದೆ, ಹೆಸರಿನಲ್ಲೇ ಸಕ್ಕರೆ ಇಟ್ಟುಕೊಂಡಿದೆ. ಅಲ್ಲಿ ಇಂಧನ ಮತ್ತು ಇಂಜಿನ್ ಪರೀಕ್ಷೆಯ ಒಂದು ಘಟಕ ತೆರೆದು, ಗ್ರಾಹಕ ಆಯೋಗ ಒಪ್ಪುವ ಮಾನ್ಯತೆ ಕೊಡಿಸುವುದು ಜಿಲ್ಲಾಡಳಿತದ ಕೈಮೀರಿದ್ದಲ್ಲ. ಕರೆಂಟಿಗಾಗಿ 1969ರಲ್ಲೇ ಸ್ವಂತ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಇಂದಿಗೂ ನಡೆಸುತ್ತಿರುವ ಹುಕ್ಕೇರಿಗೆ, ಗಾಡಿ ಮಾಲೀಕರದೊಂದು ಸಂಘ ಕಟ್ಟುವುದು ಹೇಳಿಕೊಡಬೇಕಾದ ವಿದ್ಯೆಯೇ?

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಪೆಟ್ರೋಲ್ ಹಾಕಿಸಿದ ರಸೀದಿ ಬಿಸಾಡಬೇಡಿ. ಸಂಶಯ ಬಂದರೆ ಪಂಪಿನಲ್ಲೇ ಡೆನ್ಸಿಟಿ ತೋರಿಸಲು, ಫಿಲ್ಟರ್ ಪೇಪರ್ ಪರೀಕ್ಷೆ ಮಾಡಲು, 5 ಲೀಟರ್ ಅಳತೆಪಾತ್ರೆ ತರಲು ಹೇಳಿ. ಕೇಳುವುದು ನಿಮ್ಮ ಹಕ್ಕು. ಚೆಕ್ ಲೈಟ್ ಬಂದರೆ ಅಳಿಸುವ ಮೊದಲು ಸ್ಕ್ಯಾನರಿನ ಪರದೆಯ ಫೋಟೊ ತೆಗೆದುಕೊಳ್ಳಿ, ಕೋಡ್ ಮಾತ್ರವಲ್ಲ, ಅದರ ಜೊತೆಗಿನ ಅಂಕಿಗಳನ್ನೂ. ನೀವು ಹೇಳಿದ ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಸಹಿ ಹಾಕಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆಯೋಗಕ್ಕೆ ದೂರು ಕೊಡಲು ಇರುವ ಗಡುವು, ಕಾರಣ ಹುಟ್ಟಿದ ದಿನದಿಂದ 2 ವರ್ಷ.